ತಲೆಗೆ ಪೆಟ್ಟು ಬಿದ್ದಾಗ

(ಸಂಘದ ಮಾಸಿಕ ಕೂಟದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಬ್ಯಾಂಕಿನ ಕಾರಕೂನನೊಬ್ಬನು ಮಿದುಳಿನ ಶಸ್ತ್ರಚಿಕಿತ್ಸೆಯನ್ನು ಕುರಿತು ಮಾತನಾಡುವನೆಂಬುದನ್ನು ಕಾರ್ಯಕ್ರಮ ಪತ್ರಿಕೆಯಲ್ಲಿ ಓದಿ ನಿಮ್ಮಲ್ಲಿ ಕೆಲವರು ನಕ್ಕಿರಬಹುದು. ನಗುವುದು ನ್ಯಾಯವೇ. ನಾನು ಓದಿದ್ದು ಬಿ.ಕಾಂ.; ಜಮೆ-ಖರ್ಚುಗಳ ಹೊರತು ಮತ್ತಾವ ಶಾಸ್ತ್ರವೂ ನನಗೆ ದಕ್ಕಿದ್ದಲ್ಲ. ಆದರೆ ಹೋದ ಮಳೆಗಾಲದಲ್ಲಿ ನಮ್ಮ ಮನೆಗೆ ಈ ವಿಷಯವು ತಾನಾಗಿಯೇ ನಡೆದುಬಂತು. ಅಂದಿನಿಂದ ವೈದ್ಯರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ನಾನು ತಿಳಿದುಕೊಂಡಿರುವ ಅಷ್ಟಿಷ್ಟನ್ನು ತಮ್ಮ ಮುಂದೆ ಇಡುತ್ತೇನೆ. ಇದು ವೈದ್ಯನ ಉಪದೇಶವಲ್ಲ, ನೆರೆಮನೆಯವನ ಅನುಭವವೆಂದು ತಿಳಿಯಬೇಕು.

ನನ್ನ ಸೋದರಮಾವ ಗದಗಿನ ಕಡೆಯವರು. ನಿವೃತ್ತ ಶಾಲಾಮಾಸ್ತರರು, ವಯಸ್ಸು ೭೪. ಬೇಲಾಪುರಕ್ಕೆ ಬಂದು ನಮ್ಮಲ್ಲಿ ಎರಡು ತಿಂಗಳು ಇರುವುದೆಂದು ನಿಶ್ಚಯವಾಗಿತ್ತು. ಬಂದ ವಾರದಲ್ಲಿಯೇ ಬಚ್ಚಲಲ್ಲಿ ಕಾಲು ಜಾರಿ, ತಲೆಯು ಗೋಡೆಗೆ ತಾಗಿತು. ಸಣ್ಣ ಬುಗುಟು; ರಕ್ತವಿಲ್ಲ, ವಾಂತಿಯಿಲ್ಲ, ಎಚ್ಚರ ತಪ್ಪಲಿಲ್ಲ. ಅರಿಸಿನ ಹಚ್ಚಿದೆವು. ಮಾವನವರು ತಾವೇ ಒಂದು ನಗೆಮಾತನ್ನಾಡಿ ಚಹ ಕುಡಿದರು. ನಾವೆಲ್ಲರೂ ಆ ಸಂಗತಿಯನ್ನು ಮರೆತುಬಿಟ್ಟೆವು.

ಇಪ್ಪತ್ತು ದಿನಗಳ ತರುವಾಯ ಅವರ ಎಡಗಾಲಿನ ಚಪ್ಪಲಿಯು ನಡೆಯುವಾಗ ಕಳಚಿ ಬೀಳತೊಡಗಿತು. ಅವರಿಗೆ ಅದರ ಅರಿವೇ ಇರುತ್ತಿರಲಿಲ್ಲ. ಬೆಳಿಗ್ಗೆ ತಲೆನೋವು ಎನ್ನುತ್ತಿದ್ದರು. ಒಂದು ದಿನ ನನ್ನ ಹೆಂಡತಿಯನ್ನು ತೀರಿಕೊಂಡ ತಮ್ಮ ತಂಗಿಯ ಹೆಸರಿನಿಂದ ಕರೆದರು. ಅರವತ್ತಕ್ಕೆ ಅರಳುಮರಳೆಂಬ ಗಾದೆಯಿದೆಯಷ್ಟೆ. ನಾವೂ ಹಾಗೆಯೇ ಅಂದುಕೊಂಡೆವು. ತೋರಿಸಿದ ವೈದ್ಯರೊಬ್ಬರು ಸಹ ವಯಸ್ಸೆಂದೇ ಹೇಳಿ ನಿದ್ರೆಯ ಗುಳಿಗೆ ಬರೆದುಕೊಟ್ಟರು. ಆ ಗುಳಿಗೆಯಿಂದ ಅವರು ಮತ್ತಷ್ಟು ಮಂಕಾದರು. ನಾವು ಅದನ್ನು ಗುಣವೆಂದು ತಿಳಿದೆವು!

ಕೊನೆಗೆ ಚಪ್ಪಲಿಯ ಸಂಗತಿಯನ್ನು ಕೇಳಿದ ಮತ್ತೊಬ್ಬ ವೈದ್ಯರು ಅಂದೇ ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಚಿತ್ರದಲ್ಲಿ ತಲೆಬುರುಡೆಗೂ ಮಿದುಳಿಗೂ ನಡುವೆ ಬಿದಿಗೆ ಚಂದ್ರನ ಆಕಾರದಲ್ಲಿ ಒಂದು ಕಪ್ಪು ಪಟ್ಟಿ ಕಾಣುತ್ತಿತ್ತು.

ಇದು ಆಗುವ ಬಗೆಯನ್ನು ವೈದ್ಯರು ನನಗೆ ಹೀಗೆ ತಿಳಿಸಿದರು. ವಯಸ್ಸಾದಂತೆ ಮಿದುಳು ತುಸು ಕುಗ್ಗುತ್ತದೆ. ಒಣಗಿದ ಕೊಬ್ಬರಿಯು ಚಿಪ್ಪಿನೊಳಗೆ ಸಡಿಲಾಗುವಂತೆ. ಮಿದುಳಿನಿಂದ ಹೊರಪೊರೆಗೆ ಹಾಯ್ದ ಸಣ್ಣ ಸಿರೆಗಳು ಆಗ ಬಿಗಿದ ದಾರದಂತೆ ಸೆಟೆದುಕೊಂಡಿರುತ್ತವೆ. ಸಣ್ಣ ಪೆಟ್ಟಿಗೂ ಅವುಗಳಲ್ಲಿ ಒಂದು ಹರಿಯಬಹುದು. ರಕ್ತವು ಹನಿಹನಿಯಾಗಿ ಜಿನುಗಿ, ಎರಡು ಮೂರು ವಾರಗಳಲ್ಲಿ ಹೆಪ್ಪು ಕರಗಿ ನೀರಾಗಿ, ಮಿದುಳನ್ನು ಒತ್ತತೊಡಗುತ್ತದೆ. ಎಳೆಯರ ತಲೆಯೊಳಗೆ ಈ ಎಡೆಯಿಲ್ಲದುದರಿಂದ ಅವರಲ್ಲಿ ಲಕ್ಷಣಗಳು ಬೇಗ ಕಾಣುತ್ತವೆ. ಮುದುಕರಲ್ಲಿ ಎಡೆಯಿರುವುದರಿಂದಲೇ ತಡವಾಗುತ್ತದೆ. ಬಿದ್ದದ್ದು ಯಾವಾಗ, ಮಂಕಾದದ್ದು ಯಾವಾಗ. ಎರಡಕ್ಕೂ ಗಂಟು ಹಾಕುವವರು ಮನೆಯಲ್ಲಿ ಯಾರು?

ಮೊದಲಾಗಿದ್ದರೆ ಇದನ್ನು ಕಾಣುವ ಉಪಾಯವೇ ಕಡಿಮೆ. ಭೋಜಪ್ರಬಂಧದಲ್ಲಿ ಇಬ್ಬರು ವೈದ್ಯರು ರಾಜನ ಕಪಾಲವನ್ನು ತೆರೆದು ನೋವು ಕಳೆದ ಕಥೆಯಿದೆಯಾದರೂ, ಎಲ್ಲಿ ತೆರೆಯಬೇಕೆಂಬುದನ್ನು ಹೊರಗಿನಿಂದಲೇ ನೋಡಿ ಹೇಳುವ ಯಂತ್ರವು ಮೊದಲ ಬಾರಿಗೆ ರೋಗಿಯೊಬ್ಬರ ಮೇಲೆ ನಡೆದದ್ದು ೧೯೭೧ರಲ್ಲಿ, ಲಂಡನ್ನಿನ ವಿಂಬಲ್ಡನ್ನಿನಲ್ಲಿ. ಅದನ್ನು ನಿರ್ಮಿಸಿದ ಹೌನ್ಸ್‌ಫೀಲ್ಡರು ಎಂಜಿನಿಯರರು, ವೈದ್ಯರಲ್ಲ. ಅವರಿಗೆ ೧೯೭೯ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕವು ಸಂದಿತು. ಕಾರಕೂನನಿಗೆ ಇದೊಂದು ಸಮಾಧಾನ.

ಸುದ್ದಿಯು ಊರಿಗೆ ಮುಟ್ಟಿದೊಡನೆ ಗದಗಿನಿಂದ ಕರೆಗಳು ಬಂದವು. ಎಲ್ಲರದೂ ಒಂದೇ ಮಾತು: ಬೆಂಗಳೂರಿಗೆ ಕರೆತನ್ನಿ, ನಿಮ್ಹಾನ್ಸಿಗೆ. ಈ ಮಾತಿನಲ್ಲಿ ನಮ್ಮ ಜನರಿಗಿರುವ ನಂಬಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ನಮ್ಮ ದೇಶದಲ್ಲಿ ಮಿದುಳಿನ ಶಸ್ತ್ರಚಿಕಿತ್ಸೆಗೆಂದು ಪ್ರತ್ಯೇಕ ವಿಭಾಗವು ಮೊದಲಾದುದು ೧೯೪೯ರಲ್ಲಿ, ವೆಲ್ಲೂರಿನಲ್ಲಿ, ಡಾ. ಜೇಕಬ್ ಚಾಂಡಿಯವರಿಂದ, ಮರುವರ್ಷ ಮದರಾಸಿನಲ್ಲಿ ಡಾ. ಬಿ. ರಾಮಮೂರ್ತಿಯವರು ಆರಂಭಿಸಿದರು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯು ಹುಟ್ಟಿತು. ಅದೂ ಸರಕಾರದ ಮಾನಸಿಕ ಆಸ್ಪತ್ರೆಯೂ ಕೂಡಿ ೧೯೭೪ರ ಡಿಸೆಂಬರಿನಲ್ಲಿ ನಿಮ್ಹಾನ್ಸ್ ಆಯಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್. ಎಂ. ವರ್ಮಾ ಅವರು ಸ್ವತಃ ಮಿದುಳಿನ ಶಸ್ತ್ರವೈದ್ಯರು. ಬೀದರ, ರಾಯಚೂರುಗಳಿಂದ ಬುತ್ತಿ ಕಟ್ಟಿಕೊಂಡು ಹೊಸೂರು ರಸ್ತೆಯ ಆ ಬಾಗಿಲಿಗೆ ಬಂದು ಕುಳಿತ ಜನರನ್ನು ನಾನೂ ಕಂಡಿದ್ದೇನೆ. ಅಲ್ಲಿ ಕನ್ನಡದಲ್ಲಿ ನೋವು ಹೇಳಿಕೊಳ್ಳಬಹುದು. ಪರಸ್ಥಳದಲ್ಲಿರುವ ನಮಗೆ ಆ ಆಸೆ ಸಣ್ಣದಲ್ಲ.

ಆದರೆ ಇಲ್ಲಿಯ ವೈದ್ಯರು ಬೇಡವೆಂದರು. ಅವರು ಕೊಟ್ಟ ಕಾರಣವು ನನ್ನ ತಲೆಗೆ ಕೂಡಲೇ ಹೊಕ್ಕಿತು, ಏಕೆಂದರೆ ಅದು ಅಂಕಗಣಿತವಾಗಿತ್ತು. ಗ್ಲಾಸ್ಗೋ ನಗರದ ಟೀಸ್‌ಡೇಲ್ ಮತ್ತು ಜೆನೆಟ್ ಎಂಬ ಇಬ್ಬರು ೧೯೭೪ರಲ್ಲಿ ರೋಗಿಯ ಎಚ್ಚರಕ್ಕೆ ಒಂದು ಅಳತೆಗೋಲನ್ನು ಮಾಡಿದರು. ಕಣ್ಣು ತೆರೆಯುವುದಕ್ಕೆ ೪, ಮಾತಿಗೆ ೫, ಕೈಕಾಲು ಆಡಿಸುವುದಕ್ಕೆ ೬. ಒಟ್ಟು ೧೫ ಬಂದರೆ ಪೂರ್ಣ ಎಚ್ಚರ, ೩ಕ್ಕಿಂತ ಕೆಳಗಿಲ್ಲ. ೮ ಅಥವಾ ಅದಕ್ಕೂ ಕಡಿಮೆಯಾದರೆ ಗಂಭೀರ. ಶಸ್ತ್ರಚಿಕಿತ್ಸೆಯ ಮೇಜಿಗೆ ಹೋಗುವಾಗ ರೋಗಿಯ ಅಂಕವೆಷ್ಟು ಎಂಬುದರ ಮೇಲೆಯೇ ಫಲವು ಬಹುಮಟ್ಟಿಗೆ ನಿಂತಿರುತ್ತದಂತೆ. ವಯಸ್ಸು, ಕಣ್ಣಿನ ಪಾಪೆಗಳು ಬೆಳಕಿಗೆ ಕುಗ್ಗುತ್ತವೆಯೋ ಇಲ್ಲವೋ, ಬೇರೆ ರೋಗಗಳು, ಇವೆಲ್ಲ ಅದರ ಜೊತೆಗೆ ಸೇರುವ ಬಾಬತ್ತುಗಳು. "ಈಗ ನಿಮ್ಮ ಮಾವನವರು ೧೪ರಲ್ಲಿದ್ದಾರೆ. ಬೆಂಗಳೂರು ಮುಟ್ಟುವಾಗ ಎಷ್ಟರಲ್ಲಿರುತ್ತಾರೆಂದು ನಾನು ಹೇಳಲಾರೆ" ಎಂದರು. ಊರಿನವರಿಗೆ ಇದನ್ನು ತಿಳಿಸುವುದು ಸುಲಭವಾಗಲಿಲ್ಲ. ಒಬ್ಬ ಬಂಧುಗಳು ಇಂದಿಗೂ ನನ್ನೊಡನೆ ಮಾತು ಬಿಟ್ಟಿದ್ದಾರೆ.

ಇನ್ನೊಂದು ತೊಡಕು ಇತ್ತು. ಎರಡು ವರ್ಷಗಳ ಹಿಂದೆ ಅವರ ಹೃದಯದ ನಾಳಕ್ಕೆ ಸ್ಟೆಂಟ್ ಹಾಕಿದ್ದರಿಂದ ರಕ್ತ ಹೆಪ್ಪುಗಟ್ಟದಂತೆ ಗುಳಿಗೆಗಳನ್ನು ನುಂಗುತ್ತಿದ್ದರು. ಆಸ್ಪಿರಿನ್ನಿನಂತಹ ಗುಳಿಗೆಯನ್ನು ನಿಲ್ಲಿಸಿದರೂ ಅದರ ಪ್ರಭಾವವು ರಕ್ತದಲ್ಲಿ ವಾರದ ತನಕ ಉಳಿಯುತ್ತದೆ. ತಲೆಯೊಳಗೆ ರಕ್ತ ಸೋರಲು ಈ ಗುಳಿಗೆಗಳೂ ಒಂದು ಕಾರಣ. ಶಸ್ತ್ರಚಿಕಿತ್ಸೆಯಲ್ಲಿ ಮತ್ತೆ ಸೋರಲೂ ಅವೇ ಕಾರಣವಾಗಬಹುದು. ನಿಲ್ಲಿಸಿದರೆ ಹೃದಯಕ್ಕೆ ಅಪಾಯ. ಎರಡೂ ಕಡೆಯ ವೈದ್ಯರು ಕೂಡಿ ವಿಚಾರಿಸಿ, ಎಚ್ಚರವು ಹೀಗೆಯೇ ಇದ್ದರೆ ಐದು ದಿನ ಕಾಯುವುದೆಂದೂ, ಇಳಿದರೆ ಆ ಗಳಿಗೆಯಲ್ಲಿಯೇ ಮಾಡುವುದೆಂದೂ ತೀರ್ಮಾನಿಸಿದರು. ಗಂಟೆಗೊಮ್ಮೆ ಅಂಕ ಬರೆಯಬೇಕೆಂದು ಕಟ್ಟಪ್ಪಣೆಯಾಯಿತು.

ಇಲ್ಲಿ ನಾನು ಹೇಳಬೇಕೆಂದು ಬಂದ ಮುಖ್ಯ ಸಂಗತಿಯಿದೆ.

ಮಾತಿಗೆ ೫ ಅಂಕವೆಂದೆನಲ್ಲವೆ? ರೋಗಿಯು ತಾನು ಯಾರು, ಎಲ್ಲಿರುವೆನು, ಇದು ಯಾವ ತಿಂಗಳು ಎಂಬುದನ್ನು ಸರಿಯಾಗಿ ಹೇಳಿದರೆ ೫. ಗೊಂದಲದ ಮಾತಿಗೆ ೪. ಸಂಬಂಧವಿಲ್ಲದ ಶಬ್ದಗಳಿಗೆ ೩. ಮೊದಲ ರಾತ್ರಿ ದಾದಿಯು ಹಿಂದಿಯಲ್ಲಿ ಕೇಳಿದಳು. ಮಾವನವರಿಗೆ ಹಿಂದಿ ಅಷ್ಟಕ್ಕಷ್ಟೆ. ಅವರು ಗದಗಿನ ಕನ್ನಡದಲ್ಲಿ, "ಏನ್ ಕೇಳಾಕತ್ತೀಯವ್ವ, ತಿಳಿಯವಲ್ದು" ಎಂದರು. ಕಾಗದದಲ್ಲಿ ೩ ಬಿತ್ತು! ನಡುರಾತ್ರಿ ಕಿರಿಯ ವೈದ್ಯರು ಓಡಿಬಂದರು, ನನ್ನನ್ನು ಎಬ್ಬಿಸಿದರು. ನಾನು ಕನ್ನಡದಲ್ಲಿ ಕೇಳಿದೆ. ಮಾವನವರು ತಿಂಗಳನ್ನೂ ತಿಥಿಯನ್ನೂ ಹೇಳಿ, "ಮಲಗಗೊಡ್ರಪ್ಪಾ" ಎಂದರು. ಎಲ್ಲರೂ ನಕ್ಕೆವು. ದಾದಿಯು ಪಾಪ, ಒಳ್ಳೆಯ ಹುಡುಗಿ. ಕಾಗದದ ಮೇಲೆ 'ಕನ್ನಡ ಮಾತ್ರ' ಎಂದು ಬರೆದಿಟ್ಟಳು.

ಮೂರನೆಯ ರಾತ್ರಿ ಆಸ್ಪತ್ರೆಯಲ್ಲಿದ್ದವಳು ನನ್ನ ಹೆಂಡತಿ. ದಾದಿಯು ಕೇಳಿದಳು, ಮಾವನವರು ಶಾಂತವಾಗಿ ಕನ್ನಡದಲ್ಲಿ ಏನೋ ಹೇಳಿದರು. ಇವರು ಕನ್ನಡ ಮಾತ್ರ ಆಡುವವರೆಂದು ತಿಳಿದಿದ್ದ ದಾದಿಯು ಹಿಂದಿನ ಅಂಕವನ್ನೇ ಬರೆದು ಹೊರಟಳು. ಆದರೆ ಅವರು ಹೇಳಿದ್ದೇನು? "ಘಂಟಿ ಬಾರ್ಸು, ಹುಡುಗರು ಹೊರಗ ನಿಂತಾರ." ಶಾಲೆಯಿಂದ ನಿವೃತ್ತರಾಗಿ ಹದಿನಾರು ವರ್ಷವಾಗಿದೆ. ಹೆಂಡತಿಯು ಮತ್ತೆ ಕೇಳಿದಳು. ಉತ್ತರವು ಬರಲಿಲ್ಲ, ರೆಪ್ಪೆಗಳು ಇಳಿಯುತ್ತಿದ್ದವು. ಅವಳು ದಾದಿಯ ಕೈ ಹಿಡಿದು ನಿಲ್ಲಿಸಿದಳು. ಮುಕ್ಕಾಲು ಗಂಟೆಯಲ್ಲಿ ಅಂಕವು ೧೧ಕ್ಕೆ ಬಂದಿತ್ತು. ಅಂದೇ ಬೆಳಗಿನ ಜಾವಕ್ಕೆ ಶಸ್ತ್ರಚಿಕಿತ್ಸೆಯಾಯಿತು.

ಯಾರದು ತಪ್ಪು? ಯಾರದೂ ಅಲ್ಲ. ಆ ಅಳತೆಗೋಲು ಮಾತನ್ನು ಅಳೆಯುತ್ತದೆ, ಮಾತು ಯಾವ ಭಾಷೆಯದೆಂದು ಅದಕ್ಕೆ ತಿಳಿಯದು.

ಸಮ್ಮತಿಪತ್ರಕ್ಕೆ ಸಹಿ ಹಾಕಿದವನು ನಾನು. ದಿನಕ್ಕೆ ನೂರಾರು ಸಹಿಗಳನ್ನು ತಾಳೆ ನೋಡುವ ನನಗೆ ಅಂದು ನನ್ನ ಸಹಿಯೇ ಗುರುತು ಸಿಗದಂತಿತ್ತು. ಬುರುಡೆಗೆ ಎರಡು ರಂಧ್ರಗಳನ್ನು ಕೊರೆದು, ಹಳೆಯ ಮೋಟಾರು ಎಣ್ಣೆಯಂತಹ ದ್ರವವನ್ನು ಹೊರಬಿಟ್ಟು, ಉಳಿದುದು ಹರಿದುಹೋಗಲೆಂದು ಸಣ್ಣ ಕೊಳವೆಯನ್ನು ಇಟ್ಟರು. ಈ ಕೊಳವೆಯ ವಿಷಯವಾಗಿ ೨೦೦೯ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನ ವೈದ್ಯರು ೨೧೫ ರೋಗಿಗಳ ಮೇಲೆ ನಡೆಸಿದ ಪರೀಕ್ಷೆಯು ಪ್ರಕಟವಾಯಿತು. ಕೊಳವೆಯಿಟ್ಟವರಲ್ಲಿ ನೂರಕ್ಕೆ ಸುಮಾರು ೯ ಜನರಿಗೆ, ಇಡದವರಲ್ಲಿ ೨೪ ಜನರಿಗೆ ರಕ್ತವು ಮತ್ತೆ ಕೂಡಿಕೊಂಡಿತು. ಆರು ತಿಂಗಳೊಳಗೆ ತೀರಿಕೊಂಡವರೂ ಕೊಳವೆಯಿಟ್ಟವರಲ್ಲಿ ಅರ್ಧದಷ್ಟೇ. ಇಷ್ಟು ಸಣ್ಣ ರಬ್ಬರಿನ ಕೊಳವೆಗೆ ಇದು ದೊಡ್ಡ ಬಡ್ಡಿ. ಆದರೆ ಆ ಒಂಬತ್ತರಲ್ಲಿ ನಾವೂ ಒಬ್ಬರಾದೆವು. ಐದನೆಯ ವಾರದಲ್ಲಿ ಮತ್ತೆ ಚಪ್ಪಲಿ ಕಳಚಿತು. ಈ ಸಲ ಯಾರೂ ವಯಸ್ಸೆನ್ನಲಿಲ್ಲ. ಅಂದೇ ಕರೆದೊಯ್ದೆವು, ಅದೇ ರಂಧ್ರದಿಂದ ಮತ್ತೆ ತೆಗೆದರು.

ಇದು ನಿಧಾನವಾಗಿ ಬರುವ ಬಗೆ. ದಾರಿಯ ಮೇಲೆ ಒಮ್ಮೆಲೇ ಬರುವ ಬಗೆ ಬೇರೆ. ಅಲ್ಲಿ ವಾರಗಳಿಲ್ಲ, ಗಂಟೆಗಳು. ೧೯೮೧ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪ್ರಸಿದ್ಧ ವರದಿಯೊಂದರ ಪ್ರಕಾರ, ಪೆಟ್ಟು ಬಿದ್ದು ಮಿದುಳಿನ ಮೇಲೆ ಕೂಡಲೇ ರಕ್ತ ಶೇಖರವಾಗಿ ಎಚ್ಚರ ತಪ್ಪಿದವರಲ್ಲಿ, ನಾಲ್ಕು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಾದವರು ನೂರಕ್ಕೆ ೩೦ ಮಂದಿ ಸತ್ತರೆ, ತಡವಾದವರು ೯೦ ಮಂದಿ ಸತ್ತರು. ಮುಂದಿನ ಅಧ್ಯಯನಗಳಲ್ಲಿ ಅಂತರವು ಇಷ್ಟು ದೊಡ್ಡದಾಗಿ ಯಾವಾಗಲೂ ಕಾಣಲಿಲ್ಲವೆಂಬುದನ್ನೂ ಹೇಳಬೇಕು. ಆದರೂ ಸಯನ್-ಪನ್ವೇಲ್ ಹೆದ್ದಾರಿಯಲ್ಲಿ ಸಂಜೆಯ ವಾಹನಸಂದಣಿಯನ್ನು ಕಂಡಾಗಲೆಲ್ಲ ಆ ನಾಲ್ಕು ಗಂಟೆ ನನ್ನ ನೆನಪಿಗೆ ಬರುತ್ತದೆ.

ನಮ್ಮ ನಟ ಸಂಚಾರಿ ವಿಜಯ್ ಅವರನ್ನು ನೀವು ಮರೆತಿರಲಾರಿರಿ. 'ನಾನು ಅವನಲ್ಲ... ಅವಳು' ಚಿತ್ರದ ಅಭಿನಯಕ್ಕೆ ರಾಷ್ಟ್ರಪ್ರಶಸ್ತಿ ಪಡೆದವರು. ೨೦೨೧ರ ಜೂನ್ ೧೨ರ ರಾತ್ರಿ ಬೆಂಗಳೂರಿನಲ್ಲಿ ಗೆಳೆಯರ ಬೈಕಿನ ಹಿಂದೆ ಕುಳಿತು ಹೋಗುವಾಗ ಅಪಘಾತವಾಯಿತು. ತಲೆಗೆ ಶಸ್ತ್ರಚಿಕಿತ್ಸೆಯಾದರೂ ಉಳಿಯಲಿಲ್ಲ. ಮನೆಯವರು ಅವರ ಅಂಗಾಂಗಗಳನ್ನು ದಾನವಿತ್ತರು. ನಮ್ಮ ಹುಡುಗರು ಸ್ಟೇಷನ್ನಿನವರೆಗೆ ತಾನೆ ಎಂದು ಹಿಂದಿನ ಸೀಟಿಗೆ ಹೆಲ್ಮೆಟ್ಟಿಲ್ಲದೆ ಏರುತ್ತಾರೆ. ಹಿಂದೆ ಕುಳಿತವರ ತಲೆಯನ್ನು ಕಾನೂನು ಬೇರೆಯಾಗಿ ಎಣಿಸಿಲ್ಲ.

ಗಂಭೀರ ಪೆಟ್ಟಿನಲ್ಲಿ ಮಿದುಳು ಬಾತುಕೊಂಡರೆ ಬುರುಡೆಯ ದೊಡ್ಡ ಹೋಳೊಂದನ್ನೇ ತೆಗೆದಿಡುವ ಚಿಕಿತ್ಸೆಯಿದೆ. ಆ ಎಲುಬನ್ನು ಎಷ್ಟೋ ಕಡೆ ರೋಗಿಯ ಹೊಟ್ಟೆಯ ಚರ್ಮದಡಿಯಲ್ಲಿಯೇ ಹೊಲಿದು ಕಾಪಾಡಿ, ತಿಂಗಳುಗಳ ಮೇಲೆ ಸ್ವಸ್ಥಾನದಲ್ಲಿ ಕೂಡಿಸುತ್ತಾರೆ. ೨೦೧೬ರಲ್ಲಿ ಬಂದ ಒಂದು ದೊಡ್ಡ ಪರೀಕ್ಷೆಯ ಲೆಕ್ಕವನ್ನು ನೋಡಿ. ಬೇರಾವ ಔಷಧಕ್ಕೂ ಒತ್ತಡವು ಇಳಿಯದವರಲ್ಲಿ ಎಲುಬು ತೆಗೆದಾಗ ಆರು ತಿಂಗಳಲ್ಲಿ ಸತ್ತವರು ನೂರಕ್ಕೆ ಸುಮಾರು ೨೭, ತೆಗೆಯದಾಗ ೪೯. ಆದರೆ ಬದುಕಿಯೂ ಅರಿವಿಲ್ಲದೆ ಉಳಿದವರು ತೆಗೆದವರಲ್ಲಿ ೮ಕ್ಕೂ ಮಿಕ್ಕಿ, ತೆಗೆಯದವರಲ್ಲಿ ೨ರಷ್ಟೇ. ಜಮೆಯ ಕಡೆ ನೋಡಿ ಸಂತೋಷಪಟ್ಟು ಖರ್ಚಿನ ಕಡೆ ಮುಚ್ಚಿಡುವ ಲೆಕ್ಕವನ್ನು ನಮ್ಮ ಆಡಿಟರರು ಒಪ್ಪುವುದಿಲ್ಲ. ಬಾಗಿಲ ಬಳಿ ನಿಂತು ನಾವು ವೈದ್ಯರನ್ನು, "ಬದುಕುತ್ತಾರೆಯೆ?" ಎಂದಷ್ಟೇ ಕೇಳುತ್ತೇವೆ. ಹೇಗೆ ಬದುಕುವರೆಂಬುದನ್ನೂ ಕೇಳಬಹುದು. ಕೇಳಿದರೆ ಅವರು ಸಿಟ್ಟಾಗುವುದಿಲ್ಲವೆಂದು ನಾನು ಕಂಡುಕೊಂಡಿದ್ದೇನೆ. ಖಚಿತವಾದ ಉತ್ತರವು ಸಿಗದಿರಬಹುದು, ಅದು ಬೇರೆ ಮಾತು.

ಹಣದ ವಿಚಾರವನ್ನು ಇಲ್ಲಿ ಎತ್ತುವುದಿಲ್ಲ. ಅದನ್ನು ಕೇಳಲು ಸೋಮವಾರದಿಂದ ನನ್ನ ಕೌಂಟರಿಗೆ ಬನ್ನಿ.

ಮಾವನವರು ಈಗ ಗದಗಿನಲ್ಲಿದ್ದಾರೆ. ಕೋಲು ಹಿಡಿದು ನಡೆಯುತ್ತಾರೆ. ಅಕ್ಷರಗಳು ಮೊದಲಿನಂತೆ ಮುತ್ತಿನ ಸಾಲಲ್ಲ, ಸೊಟ್ಟಗಾಗಿವೆ. ಪತ್ರವನ್ನು ಮಾತ್ರ ತಾವೇ ಬರೆಯುತ್ತಾರೆ. ಆಸ್ಪತ್ರೆಯ ಎರಡು ವಾರಗಳಲ್ಲಿ ಒಂದು ದಿನವೂ ಅವರಿಗೆ ನೆನಪಿಲ್ಲ. ಘಂಟೆ ಬಾರಿಸೆಂದ ಕಥೆಯನ್ನು ಹೇಳಿದರೆ ನಂಬುವುದಿಲ್ಲ.

ನಾನೊಂದು ಬಿನ್ನಹವನ್ನು ಸಂಘದ ಮುಂದೆ ಇಟ್ಟಿದ್ದೆ, ಕಾರ್ಯದರ್ಶಿಗಳು ಒಪ್ಪಿದ್ದಾರೆ. ಊರಿನಿಂದ ಬಂದ ತಾಯಿತಂದೆಗಳು ಇಲ್ಲಿಯ ಆಸ್ಪತ್ರೆಗೆ ಸೇರಿದಾಗ ಅವರ ಕನ್ನಡವನ್ನು ದಾದಿಯರಿಗೆ ತಿಳಿಸಿ ಹೇಳಲು ರಾತ್ರಿಯ ಹೊತ್ತಿನಲ್ಲಿ ಬರಬಲ್ಲವರ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡುವುದು. ಧಾರವಾಡದ ಕಡೆಯ ಮಾತು ಬಲ್ಲವರು ಯಾರು, ಮಂಗಳೂರಿನ ಕಡೆಯದು ಯಾರಿಗೆ, ಕಲಬುರ್ಗಿಯದು ಯಾರಿಗೆ, ಎಂಬುದನ್ನೂ ಎದುರಿಗೆ ಗುರುತಿಸಬೇಕು. ಪುಸ್ತಕವು ಬಾಗಿಲ ಬಳಿಯ ಮೇಜಿನ ಮೇಲಿದೆ. ಮೊದಲ ಹೆಸರನ್ನು ನನ್ನ ಹೆಂಡತಿ ಬರೆದಿದ್ದಾಳೆ.