ಚಳಿಗಾಲದ ವ್ಯಾಪಾರ ಮತ್ತು ಅಂಗಡಿಯ ನಾಮಫಲಕ



ವ್ಯಾಪಾರಿಯು ಬಾಯಿ ತೆರೆಯುವ ಮೊದಲೇ ಗ್ರಾಹಕನೊಡನೆ ಮಾತನಾಡುವುದು ಅವನ ಅಂಗಡಿಯ ನಾಮಫಲಕ. ಇಲ್ಲಿ ಏನು ದೊರೆಯುತ್ತದೆ, ಅಂಗಡಿ ತೆರೆದಿದೆಯೇ, ಒಳಗೆ ಹೋಗುವ ದಾರಿ ಯಾವುದು ಎಂಬ ಪ್ರಶ್ನೆಗಳಿಗೆ ಅದು ಹಗಲಿರುಳೂ ಉತ್ತರ ಕೊಡುತ್ತಿರುತ್ತದೆ. ಆದರೆ ಉತ್ತರ ಭಾರತದ ಕಠಿಣ ಚಳಿಗಾಲದಲ್ಲಿ ಈ ಮೂಕ ಸೇವಕನ ಧ್ವನಿ ಉಡುಗಿ ಹೋಗುತ್ತದೆ. ಡಿಸೆಂಬರ್, ಜನವರಿ ತಿಂಗಳುಗಳಲ್ಲಿ ದೆಹಲಿ, ಪಂಜಾಬ್, ಹರಿಯಾಣ ಮತ್ತು ಉತ್ತರ ಪ್ರದೇಶಗಳ ಬಯಲು ಸೀಮೆ ಮಂಜಿನಲ್ಲಿ ಮುಳುಗುತ್ತದೆ. ಹಿಮಾಚಲ ಪ್ರದೇಶ ಮತ್ತು ಕಾಶ್ಮೀರದ ಪಟ್ಟಣಗಳ ಮೇಲೆ ಹಿಮ ಸುರಿಯುತ್ತದೆ. ಇಂತಹ ದಿನಗಳಲ್ಲಿ ಫಲಕವು ಮೂರು ಕರ್ತವ್ಯಗಳನ್ನು ನಿರ್ವಹಿಸಬೇಕಾಗುತ್ತದೆ. ಅದು ಕಾಣಬೇಕು, ಬೀಳಬಾರದು, ಸುಳ್ಳು ಹೇಳಬಾರದು.

ಮೊದಲನೆಯದಾಗಿ ಕಾಣುವ ಮಾತು. ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಬರುವ ವಾಯುಕ್ಷೋಭೆಗಳು ಚಳಿಗಾಲದಲ್ಲಿ ವಾಯವ್ಯ ಭಾರತಕ್ಕೆ ತೇವವನ್ನು ತರುತ್ತವೆ. ಅವು ಸರಿದು ಹೋದ ಮೇಲೆ ಆಕಾಶ ತಿಳಿಯಾಗಿ, ಗಾಳಿ ಸ್ತಬ್ಧವಾಗಿ, ರಾತ್ರಿ ನೆಲ ವೇಗವಾಗಿ ತಣಿದಾಗ ಆ ತೇವವೇ ಮಂಜಾಗುತ್ತದೆ. ಗೋಚರತೆ 200 ಮೀಟರಿಗಿಂತ ಕಡಿಮೆಯಾದರೆ ದಟ್ಟ ಮಂಜೆಂದೂ, 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ ಮಂಜೆಂದೂ ಭಾರತ ಹವಾಮಾನ ಇಲಾಖೆಯು ವರ್ಗೀಕರಿಸುತ್ತದೆ. ಇಂತಹ ಮುಂಜಾವಿನಲ್ಲಿ ರೈಲುಗಳು ತಾಸುಗಟ್ಟಲೆ ತಡವಾಗುತ್ತವೆ. ದೂರದ ಊರಿನಿಂದ ಬಂದ ಪ್ರಯಾಣಿಕನೊಬ್ಬನು ನಿಲ್ದಾಣದಿಂದ ಹೊರಬಿದ್ದು ಬಿಸಿ ಇಡ್ಲಿ, ಒಂದು ಲೋಟ ಕಾಫಿ ಸಿಗುವ ಸ್ಥಳವನ್ನು ಹುಡುಕುತ್ತಾನೆ. ಉಪಾಹಾರ ಗೃಹವು ರಸ್ತೆಯಾಚೆಯೇ ಇದ್ದರೂ ಮೊದಲನೆಯ ಮಹಡಿಯ ಎತ್ತರದಲ್ಲಿರುವ ಅದರ ಬೋರ್ಡು ಅವನಿಗೆ ಕಾಣುವುದಿಲ್ಲ. ಅವನಿಗೆ ಊಟ ತಪ್ಪಿತು. ಮಾಲೀಕನಿಗೆ ವ್ಯಾಪಾರ ತಪ್ಪಿತು.

ಇದಕ್ಕೆ ಪರಿಹಾರ ಬೋರ್ಡನ್ನು ದೊಡ್ಡದು ಮಾಡುವುದೇ ಎಂಬ ಪ್ರಶ್ನೆ ಸಹಜ. ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ ಎಂಬುದು ಫಲಕ ಬರೆಯುವವರು ಸಾಮಾನ್ಯವಾಗಿ ಅನುಸರಿಸುವ ಲೆಕ್ಕ. ತಿಳಿಯಾದ ಹವೆಯಲ್ಲಿ ಈ ಲೆಕ್ಕ ಸರಿ. ಆದರೆ ಅತಿ ದಟ್ಟ ಮಂಜಿನಲ್ಲಿ 50 ಮೀಟರುಗಳಾಚೆ ಇರುವ ಫಲಕವನ್ನು ಎಷ್ಟು ಹಿಗ್ಗಿಸಿದರೂ ಪ್ರಯೋಜನವಿಲ್ಲ. ಅಲ್ಲಿ ಬೇಕಾಗುವುದು ನಡೆದು ಬರುವವನ ಕಣ್ಣಿನ ಎತ್ತರದಲ್ಲಿ, ಬಾಗಿಲ ಪಕ್ಕದ ಗೋಡೆಯ ಮೇಲೆ ಇರುವ ಇನ್ನೊಂದು ಚಿಕ್ಕ ಫಲಕ. ಇದನ್ನು ಕಾಲುದಾರಿಯ ಮೇಲೆ ಇಡುವುದು ಮಾತ್ರ ಸಲ್ಲದು. ಮಂಜಿನಲ್ಲಿ ಅದೇ ಎಡವುಗಲ್ಲಾಗುತ್ತದೆ.

ಹಳದಿ ಬೆಳಕು ಮಂಜನ್ನು ಭೇದಿಸುತ್ತದೆ ಎಂಬ ನಂಬಿಕೆ ವ್ಯಾಪಕವಾಗಿದೆ. ಮಂಜಿನ ಹನಿಗಳು ಬೆಳಕಿನ ತರಂಗಾಂತರಕ್ಕಿಂತ ಅನೇಕ ಪಟ್ಟು ದೊಡ್ಡವು. ಆದುದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಒಂದೇ ಸಮನಾಗಿ ಚದುರಿಸುತ್ತವೆ. ಬಣ್ಣಕ್ಕಿಂತ ಮುಖ್ಯವಾದುದು ಅಕ್ಷರಕ್ಕೂ ಹಿನ್ನೆಲೆಗೂ ಇರುವ ಅಂತರ. ಕಡು ಹಿನ್ನೆಲೆಯಲ್ಲಿ ಒಳಗಿನಿಂದ ಬೆಳಗುವ ದಪ್ಪ ಅಕ್ಷರಗಳು, ಕಡಿಮೆ ಪದಗಳು ಮಂಜಿನಲ್ಲಿ ಚೆನ್ನಾಗಿ ಕಾಣುತ್ತವೆ. ಬೋರ್ಡಿನ ಮೇಲೆ ಹೊರಗಿನಿಂದ ಪ್ರಖರ ದೀಪ ಹಾಯಿಸಿದರೆ ಬೆಳಕು ಹನಿಗಳಲ್ಲಿ ಚದುರಿ ಬಿಳಿಯ ಪರದೆಯೊಂದು ಏಳುತ್ತದೆ. ಬೋರ್ಡು ಮರೆಯಾಗುವುದಲ್ಲದೆ ವಾಹನ ಚಾಲಕನ ಕಣ್ಣೂ ಕೋರೈಸುತ್ತದೆ. ಒಬ್ಬರ ಜಾಹೀರಾತು ಮತ್ತೊಬ್ಬರ ಅಪಘಾತಕ್ಕೆ ಕಾರಣವಾಗಬಾರದು.

ಎರಡನೆಯದು ಭದ್ರತೆ. ಬೆಟ್ಟದ ಪಟ್ಟಣಗಳಲ್ಲಿ ಹಿಮದ ಭಾರವನ್ನು ಕಡೆಗಣಿಸುವಂತಿಲ್ಲ. ಆಗತಾನೇ ಬಿದ್ದ ಒಣ ಹಿಮ ಹತ್ತಿಯಂತೆ ಹಗುರವೆಂದು ತೋರುತ್ತದೆ. ಅದೇ ಹಿಮ ನೆನೆದು ಅಮರಿಕೊಂಡಾಗ ಒಂದು ಘನ ಮೀಟರಿಗೆ ಸುಮಾರು 300 ಕಿಲೋಗ್ರಾಂ ತೂಗಬಲ್ಲದು. ಮೂರು ಮೀಟರು ಉದ್ದ, ಒಂದು ಮೀಟರು ಅಗಲದ ಅಂಗಡಿಯ ಚಾವಣಿಯ ಮೇಲೆ ಇಂತಹ ಹಿಮ ಒಂದಡಿ ನಿಂತರೆ ಅದರ ತೂಕ 270 ಕಿಲೋಗ್ರಾಂ. ನಾಲ್ಕು ಜನ ವಯಸ್ಕರು ಅದರ ಮೇಲೆ ಹತ್ತಿ ಕುಳಿತಂತೆ! ಇದರೊಡನೆ ಗಾಳಿಯ ಒತ್ತಡವೂ ಸೇರುತ್ತದೆ. ಗಾಳಿಯ ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟಾಗುತ್ತದೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇಕಡಾ 9ರಷ್ಟು ಹಿಗ್ಗುವುದರಿಂದ, ಗೋಡೆಯ ಬಿರುಕಿನಲ್ಲಿ, ಬೋಲ್ಟಿನ ರಂಧ್ರದಲ್ಲಿ ನಿಂತ ನೀರು ಪ್ರತಿ ರಾತ್ರಿಯೂ ಹಿಡಿತವನ್ನು ಸಡಿಲಿಸುತ್ತದೆ. ಕಡು ಚಳಿಯಲ್ಲಿ ಫ್ಲೆಕ್ಸ್ ಹಾಳೆ ಪೆಡಸಾಗಿ ಬಿರಿಯುತ್ತದೆ. ಹರಿದ ಹಾಳೆ ಗಾಳಿಗೆ ಹಾಯಿಯಾಗಿ ಚೌಕಟ್ಟನ್ನೇ ಎಳೆಯುತ್ತದೆ.

ಗಾಳಿಯ ಹೊರೆಗೆ ಮತ್ತು ಹಿಮದ ಹೊರೆಗೆ ಭಾರತೀಯ ಮಾನಕ 875ರಲ್ಲಿ ಪ್ರತ್ಯೇಕ ಭಾಗಗಳಿವೆ. ದೊಡ್ಡ ಫಲಕ ನಿಲ್ಲಿಸುವವರು ಈ ಮಾನಕ ತಿಳಿದ ಎಂಜಿನಿಯರರ ಸಲಹೆಯನ್ನೂ, ಸ್ಥಳೀಯ ಸಂಸ್ಥೆಯ ಅನುಮತಿಯನ್ನೂ ಪಡೆಯುವುದು ಅವಶ್ಯ. ಇದು ಬರಿಯ ಕಾಗದಪತ್ರದ ವಿಷಯವಲ್ಲ. 2024ರ ಮೇ 13ರಂದು ಮುಂಬಯಿಯ ಘಾಟ್ಕೋಪರ್‌ನಲ್ಲಿ ಬಿರುಗಾಳಿಗೆ ಜಾಹೀರಾತು ಫಲಕವೊಂದು ಪೆಟ್ರೋಲ್ ಬಂಕಿನ ಮೇಲೆ ಉರುಳಿ 17 ಜನ ಮೃತಪಟ್ಟರು. 40 ಅಡಿ ಉದ್ದಗಲದ ಮಿತಿ ಇದ್ದೆಡೆ ಆ ಫಲಕ ಸುಮಾರು 120 ಅಡಿ ಉದ್ದಗಲಕ್ಕೆ ಬೆಳೆದಿತ್ತು. ಅದು ಬೇಸಿಗೆಯ ಘಟನೆ. ಆದರೆ ಅದು ಕಲಿಸಿದ ಪಾಠಕ್ಕೆ ಋತುಭೇದವಿಲ್ಲ.

ವಿದ್ಯುತ್ತಿನ ವಿಷಯದಲ್ಲಿಯೂ ಎಚ್ಚರ ಬೇಕು. ಮಂಜಿನ ತೇವ ದೀಪದ ಪೆಟ್ಟಿಗೆಯೊಳಗೆ ಇಳಿದು ನೀರಾಗಿ ನಿಲ್ಲುತ್ತದೆ. ಹೊರಗಿನ ಫಲಕಕ್ಕೆ ಧೂಳು, ನೀರು ತಡೆಯುವ ಐ.ಪಿ. 65 ದರ್ಜೆಯ ಉಪಕರಣ, ಸರಿಯಾದ ಅರ್ಥಿಂಗ್ ಮತ್ತು ವಿದ್ಯುತ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿ ಆಂಪಿಯರ್ ಸಾಧನ ಇರಬೇಕು. ಎಲ್.ಇ.ಡಿ. ದೀಪಗಳು ಚಳಿಯಲ್ಲಿ ಚೆನ್ನಾಗಿಯೇ ಉರಿಯುತ್ತವೆ. ಆದರೆ ಹಳೆಯ ಬಲ್ಬುಗಳಂತೆ ಶಾಖ ಹೊಮ್ಮಿಸದ ಕಾರಣ ಅವುಗಳ ಮೇಲೆ ಬಿದ್ದ ಹಿಮ ಕರಗದು. ಆದುದರಿಂದ ಹಿಮ ನಿಲ್ಲದಂತೆ ಫಲಕದ ಮೇಲೆ ಇಳಿಜಾರಾದ ತಗಡಿನ ಹೊದಿಕೆ ಇರಬೇಕು. ಜಾರಿದ ಹಿಮ ಜನರ ತಲೆಯ ಮೇಲೆ ಬೀಳದ ದಿಕ್ಕಿಗೆ ಆ ಇಳಿಜಾರು ಇರಬೇಕು.

ಮೂರನೆಯದು ಸತ್ಯ. ಚಳಿಗಾಲದ ಪ್ರಚಾರದಲ್ಲಿ ಗ್ರಾಹಕನಿಗೆ ಬೇಕಾದುದು ಆಕರ್ಷಕ ಘೋಷಣೆಗಿಂತ ಮುಖ್ಯವಾಗಿ ಖಚಿತವಾದ ಮಾಹಿತಿ. ಮಂಜಿನ ದಿನಗಳಲ್ಲಿ ಅಂಗಡಿ ತೆರೆಯುವುದು ಎಷ್ಟು ಹೊತ್ತಿಗೆ, ಮನೆಗೆ ತಲುಪಿಸುವ ಸೇವೆ ಇದೆಯೇ, ತಡವಾದರೆ ವಿಚಾರಿಸಬೇಕಾದ ದೂರವಾಣಿ ಯಾವುದು ಎಂಬುದನ್ನು ಬಾಗಿಲಿನಲ್ಲಿಯೂ ಮೊಬೈಲ್ ಸಂದೇಶದಲ್ಲಿಯೂ ಒಂದೇ ರೀತಿಯಲ್ಲಿ ತಿಳಿಸಬೇಕು. ಹವಾಮಾನ ಇಲಾಖೆಯು ಹಸಿರು, ಹಳದಿ, ಕಿತ್ತಳೆ, ಕೆಂಪು ಬಣ್ಣಗಳಲ್ಲಿ ನೀಡುವ ಸೂಚನೆಗಳನ್ನು ನೋಡಿಕೊಂಡು ಹಿಂದಿನ ದಿನವೇ ಈ ಮಾಹಿತಿಯನ್ನು ಬದಲಾಯಿಸಬಹುದು.

ನಾಲ್ಕಾರು ಹೀಟರುಗಳನ್ನು ಮಾತ್ರ ತರಿಸಿ, "ಅರ್ಧ ಬೆಲೆಗೆ ಹೀಟರ್" ಎಂದು ಊರೆಲ್ಲ ಸಾರುವುದು ಜಾಣತನವಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ 2022ರಲ್ಲಿ ಹೊರಬಂದ ಮಾರ್ಗಸೂಚಿಗಳು, ತಕ್ಕಷ್ಟು ದಾಸ್ತಾನಿಲ್ಲದೆ ಗ್ರಾಹಕರನ್ನು ಸೆಳೆಯುವ ಇಂತಹ ಜಾಹೀರಾತಿಗೆ ಕಡಿವಾಣ ಹಾಕಿವೆ. ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿಗಳವರೆಗೆ ದಂಡ ವಿಧಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕಿದೆ.

ಬೆಟ್ಟದ ಪ್ರವಾಸದ ಜಾಹೀರಾತಿನಲ್ಲಂತೂ ಸುಳ್ಳಿನ ಬೆಲೆ ಇನ್ನೂ ಹೆಚ್ಚು. ಹಿಂದೆ ರೋಹ್ತಾಂಗ್ ಕಣಿವೆದಾರಿ ಹಿಮದಿಂದ ಮುಚ್ಚಿದರೆ ಲಾಹೌಲ್ ಪ್ರದೇಶಕ್ಕೆ ಮನಾಲಿಯ ಸಂಪರ್ಕ ತಿಂಗಳುಗಟ್ಟಲೆ ಕಡಿದು ಹೋಗುತ್ತಿತ್ತು. 2020ರ ಅಕ್ಟೋಬರ್ 3ರಂದು 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ಉದ್ಘಾಟನೆಯಾದ ಮೇಲೆ ಆ ಪರಿಸ್ಥಿತಿ ಬದಲಾಯಿತು. ಹಿಮ ನೋಡಬಯಸುವವರು ಬೆಂಗಳೂರು, ಮುಂಬಯಿ, ಹೈದರಾಬಾದುಗಳಿಂದಲೂ ಹೋಗುತ್ತಾರೆ. ಆದರೆ ಸುರಂಗದ ಇಕ್ಕೆಲದ ರಸ್ತೆಗಳು ಇಂದಿಗೂ ಹಿಮಕ್ಕೆ ಅಧೀನ. 2024ರ ಡಿಸೆಂಬರಿನಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ವಾಹನಗಳು ಹಿಮದಲ್ಲಿ ಸಿಲುಕಿದವು. "ದಾರಿ ಸದಾ ತೆರೆದಿದೆ" ಎಂದು ಪ್ರಕಟಿಸುವ ಪ್ರವಾಸ ವ್ಯವಸ್ಥಾಪಕನು ಹಸುಳೆಗಳನ್ನೂ ವೃದ್ಧರನ್ನೂ ಆ ದಾರಿಗೆ ಕಳುಹಿಸುತ್ತಿದ್ದಾನೆಂಬುದನ್ನು ಮರೆಯಬಾರದು. ದಾರಿ ಮುಚ್ಚಿದರೆ ಹಣ ಹಿಂದಿರುಗಿಸುವ ನಿಯಮವನ್ನು ಜಾಹೀರಾತಿನಲ್ಲಿಯೇ ಮುದ್ರಿಸುವುದು ನ್ಯಾಯ. ಅಂತಹ ಪ್ರಾಮಾಣಿಕತೆ ಗ್ರಾಹಕನನ್ನು ಮರುವರ್ಷವೂ ಕರೆತರುತ್ತದೆ.

ಈ ಸಿದ್ಧತೆಗಳಿಗೆ ಮಂಜು ಕವಿಯುವವರೆಗೆ ಕಾಯಬೇಕಿಲ್ಲ. ಕನ್ನಡಿಗರು ಎಲ್ಲಿದ್ದರೂ ಆಯುಧಪೂಜೆಯಂದು ಅಂಗಡಿಯನ್ನು ತೊಳೆದು, ತಕ್ಕಡಿ, ಯಂತ್ರ, ವಾಹನಗಳಿಗೆ ಅರಿಶಿನ ಕುಂಕುಮವಿಟ್ಟು ಪೂಜಿಸುತ್ತಾರೆ. ಅಂದು ಬೋರ್ಡಿಗೆ ಹೂವಿನ ಹಾರ ಹಾಕುವ ಮುನ್ನ ಅದರ ಬೋಲ್ಟು ತುಕ್ಕು ಹಿಡಿದಿದೆಯೇ, ತಂತಿ ಬಿರಿದಿದೆಯೇ, ಗೋಡೆಯ ಹಿಡಿತ ಸಡಿಲವಾಗಿದೆಯೇ ಎಂದು ಪರೀಕ್ಷಿಸುವುದು ಲೇಸು. ದೋಷ ಕಂಡರೆ ನುರಿತ ಕೆಲಸಗಾರನಿಂದ ದೀಪಾವಳಿಯೊಳಗೆ ಸರಿಪಡಿಸಿಕೊಳ್ಳಲು ಸಮಯವಿರುತ್ತದೆ.

ಮಂಜಿನ ಇರುಳಿನಲ್ಲಿ ಬೆಳಗುವ ಫಲಕದ ಕೆಳಗೆ ಅಪರಿಚಿತನೊಬ್ಬನು ಬಸ್ಸಿಗಾಗಿ ಕಾಯುತ್ತ ನಿಂತಿರಬಹುದು. ಅವನು ಆ ಅಂಗಡಿಯ ಗ್ರಾಹಕನಲ್ಲದಿರಬಹುದು. ಆದರೂ ಆ ಫಲಕದ ಬೆಳಕನ್ನೂ ಅದರ ಭದ್ರತೆಯನ್ನೂ ನಂಬಿಯೇ ಅವನು ಅಲ್ಲಿ ನಿಂತಿದ್ದಾನೆ. ಆ ನಂಬಿಕೆಯನ್ನು ಉಳಿಸಿಕೊಳ್ಳುವುದು ಪ್ರತಿಯೊಬ್ಬ ವ್ಯಾಪಾರಿಯ ಹೊಣೆ.