ಮಲೆಯ ಸಿಂಗಳೀಕ

ಅಘನಾಶಿನಿ ಶರಾವತಿಗಳ ಕಣಿವೆಯಲ್ಲಿ ಸಿಂಗಳೀಕವನ್ನು ನೋಡಬೇಕೆನ್ನುವವರು ಮೊದಲು ಕಿವಿಯನ್ನು ಸಿದ್ಧಪಡಿಸಿಕೊಳ್ಳತಕ್ಕದ್ದು. ಮರದ ನೆತ್ತಿಯಿಂದ ಗಂಡು ಕೂಗುವ ದನಿಯೇ ಗುಂಪಿನ ಸುಳಿವು. ಅಲುಗದೆ ನಿಂತರೆ ಕರಿಯ ಮೈ, ಮುಖದ ಸುತ್ತ ಬೂದುಬಣ್ಣದ ಕೇಸರ, ತುದಿಯಲ್ಲಿ ಕುಚ್ಚುಳ್ಳ ಬಾಲ ಕಣ್ಣಿಗೆ ಬೀಳುವುವು. ಕೆನ್ನೆಯ ಚೀಲದಲ್ಲಿ ಹಣ್ಣನ್ನು ತುಂಬಿಕೊಂಡು, ತೊಗಟೆಯನ್ನು ಕೆದಕಿ ಹುಳುಗಳನ್ನಾರಿಸುತ್ತ ಇವು ಕೊಂಬೆಯಿಂದ ಕೊಂಬೆಗೇ ಸಾಗುವುವು, ನೆಲಕ್ಕಿಳಿಯುವುದು ವಿರಳ. ಆದುದರಿಂದಲೇ ಒಂದು ರಸ್ತೆಗಾಗಿ ಮರಗಳುರುಳಿದರೂ ಗುಂಪಿನ ದಾರಿ ಕಡಿಯುತ್ತದೆ. ಹೆಣ್ಣು ಎರಡು ಮೂರು ವರ್ಷಗಳಿಗೊಮ್ಮೆ ಒಂದೇ ಮರಿಯನ್ನೀಯುವುದರಿಂದ ಆದ ನಷ್ಟ ಬೇಗ ತುಂಬಿಬಾರದು. ಕಾಡಿನಲ್ಲಿ ಉಳಿದಿರುವುವು 4000ಕ್ಕಿಂತ ಕಡಮೆಯೆಂದು ಎಣಿಕೆ. ಅಘನಾಶಿನಿ ಕಣಿವೆ 2011ರಲ್ಲಿ, ಶರಾವತಿ ಕಣಿವೆ 2019ರಲ್ಲಿ ಇವುಗಳ ಹೆಸರಿನಲ್ಲಿಯೇ ರಕ್ಷಿತವಾದುವು, ಸಂತೋಷ. ಆದರೆ ಘಟ್ಟದ ರಸ್ತೆಗಳಲ್ಲಿ ಪ್ರಯಾಣಿಕರೆಸೆಯುವ ತಿಂಡಿಗೆ ಕೆಳಗಿಳಿದ ಸಿಂಗಳೀಕಗಳು ವಾಹನಗಳಿಗೆ ಸಿಕ್ಕಿ ಸಾಯುತ್ತಿವೆ. ನೋಡಹೋಗುವವರು ದುರ್ಬೀನನ್ನು ಒಯ್ಯಲಿ, ಬಾಳೆಹಣ್ಣನ್ನಲ್ಲ.