ರೆಕ್ಕೆ ಇದ್ದೂ ಕಣಿವೆ ದಾಟದ ಹಕ್ಕಿ



ನಿಮ್ಮಲ್ಲಿ ಕೆಲವರು ಚೆನ್ನೈಯಿಂದ ರೈಲಲ್ಲಿ ಕೇರಳಕ್ಕೆ ಹೋಗಿರ್ತೀರಿ. ಕೊಯಮತ್ತೂರು ದಾಟಿದ ಮೇಲೆ ಪಶ್ಚಿಮ ಘಟ್ಟ ಅಡ್ಡ ಬರಬೇಕಿತ್ತು, ಆದರೆ ಬರೋದಿಲ್ಲ. ಅಲ್ಲಿ ಘಟ್ಟವೇ ತುಂಡಾಗಿದೆ. ಸುಮಾರು 30 ಕಿಲೋಮೀಟರ್ ಅಗಲದ ಆ ತಗ್ಗು ಜಾಗವೇ ಪಾಲಕ್ಕಾಡ್ ಕಣಿವೆ. ಕಿಟಕಿಯಲ್ಲಿ ನೋಡಿದರೆ ಎರಡೂ ಕಡೆ ದೂರದಲ್ಲಿ ಬೆಟ್ಟ ಕಾಣುತ್ತೆ. ಒಂದು ಬೆಟ್ಟದಿಂದ ಇನ್ನೊಂದಕ್ಕೆ ಹೋಗಲಾರದ ಒಂದು ಹಕ್ಕಿಯ ಬಗ್ಗೆ ಇವತ್ತು ಮಾತಾಡ್ತೀನಿ.

ಅದರ ಹೆಸರು ಶೋಲಕಿಳಿ. ನಮ್ಮ ಗಿಳಿ ಅಲ್ಲ. ಮಲಯಾಳದಲ್ಲಿ ಕಿಳಿ ಅಂದ್ರೆ ಹಕ್ಕಿ. ಶೋಲಾ ಅಂದ್ರೆ ಎತ್ತರದ ಬೆಟ್ಟಗಳ ಮಡಿಲಲ್ಲಿ, ಹುಲ್ಲುಗಾವಲಿನ ನಡುವೆ ಬೆಳೆಯೋ ಗಿಡ್ಡ ಮರಗಳ ದಟ್ಟ ಕಾಡು. ಗುಬ್ಬಚ್ಚಿಯಷ್ಟೇ ಗಾತ್ರದ ಈ ನೀಲಿ ಹಕ್ಕಿ ಅಲ್ಲಿ ನೆಲದ ಹತ್ತಿರ, ತೇವದ ತರಗೆಲೆಯ ನಡುವೆ ಹುಳ ಹೆಕ್ಕುತ್ತೆ. ಪೊಟರೆಯಲ್ಲೋ ಮಣ್ಣಿನ ದಿಬ್ಬದ ಬಿಲದಲ್ಲೋ ಪಾಚಿಯ ಗೂಡು ಕಟ್ಟುತ್ತೆ.

ಕಣಿವೆಯ ಉತ್ತರಕ್ಕೆ ಇರೋದು ನೀಲಗಿರಿ ಶೋಲಕಿಳಿ. ನೀಲಗಿರಿಯಿಂದ ನಮ್ಮ ಬ್ರಹ್ಮಗಿರಿ, ಬಾಬಾಬುಡನ್‌ಗಿರಿವರೆಗೂ ಇದೆ. ದಕ್ಷಿಣಕ್ಕೆ, ಆನೆಮಲೆ, ಪಳನಿ ಕಡೆ, ಬಿಳಿಹೊಟ್ಟೆಯ ಶೋಲಕಿಳಿ. ಇವೆರಡನ್ನೂ ಬಹುಕಾಲ ಬೇರೆ ಯಾವುದೋ ಹಕ್ಕಿಗಳ ಗುಂಪಿಗೆ ಸೇರಿಸಿದ್ದರು. 2017ರಲ್ಲಿ ವಿ. ವಿ. ರಾಬಿನ್ ಮತ್ತು ಸಂಗಡಿಗರು ಇವಕ್ಕೆ 'ಶೋಲಿಕೋಲಾ' ಅಂತ ಹೊಸ ಕುಲವನ್ನೇ ಕೊಟ್ಟರು. ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲದ ಕುಲ ಇದು.

ಹಕ್ಕಿ ಅಂದ್ಮೇಲೆ ಹಾರಿ ಹೋಗಬಹುದಲ್ಲ ಅಂತ ನೀವು ಕೇಳಬಹುದು. ನಾನೂ ಹಾಗೇ ಅಂದ್ಕೊಂಡಿದ್ದೆ. ಆದರೆ ತಂಪು, ನೆರಳು ಬಿಟ್ಟು ಬಿಸಿಲಿನ ಬಯಲಿಗೆ ಇದು ಇಳಿಯೋದಿಲ್ಲ. ಅದರ ಪಾಲಿಗೆ ಪ್ರತಿ ಬೆಟ್ಟದ ನೆತ್ತಿಯೂ ಒಂದು ದ್ವೀಪ. ಬಿಳಿಹೊಟ್ಟೆ ಹಕ್ಕಿಯ ಹಾಡನ್ನ ಬೇರೆ ಬೇರೆ ಬೆಟ್ಟಗಳಲ್ಲಿ ರೆಕಾರ್ಡ್ ಮಾಡಿ ಹೋಲಿಸಿದಾಗ, ಒಂದು ಬೆಟ್ಟದ ಹಾಡು ಇನ್ನೊಂದರಂತೆ ಇರಲಿಲ್ಲ. ಧಾರವಾಡದ ಕನ್ನಡ, ಮಂಗಳೂರಿನ ಕನ್ನಡ ಇದ್ದ ಹಾಗೆ. ಆದರೆ ನಾವು ರಜೆಗೆ ಊರಿಗೆ ಹೋಗ್ತೀವಿ, ಫೋನ್ ಮಾಡ್ತೀವಿ. ಅದಕ್ಕೆ ಆ ದಾರಿ ಇಲ್ಲ.

ಪಾಲಕ್ಕಾಡ್ ಕಣಿವೆ ಪ್ರಕೃತಿ ಮಾಡಿದ್ದು, ಬಹಳ ಹಳೆಯದು. ಕಳೆದ ಸುಮಾರು 150 ವರ್ಷಗಳಲ್ಲಿ ನಾವೂ ಕಣಿವೆಗಳನ್ನ ಮಾಡಿದ್ದೀವಿ: ಟೀ ತೋಟ, ನೀಲಗಿರಿ ಮರ, ವಾಟಲ್ ನೆಡುತೋಪು, ಊರು, ರಸ್ತೆ. ಬೆಂಗಳೂರಿನ ಎನ್‌ಸಿಬಿಎಸ್‌ನ ಉಮಾ ರಾಮಕೃಷ್ಣನ್, ರಾಬಿನ್ ಮತ್ತಿತರರು 2015ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಇತ್ತೀಚಿನ ಈ ಕಾಡುನಾಶದ ಗುರುತು ಹಕ್ಕಿಗಳ ವಂಶವಾಹಿಯಲ್ಲೇ ಸಿಕ್ಕಿತು. ಅಂದ್ರೆ ಒಂದೇ ಬೆಟ್ಟದ ಮೇಲಿದ್ದರೂ ನೆಂಟಸ್ತಿಕೆ ಕಡಿಮೆಯಾಗ್ತಿದೆ. ಚಿಕ್ಕ ತುಂಡಲ್ಲಿ ಸಿಕ್ಕಿಕೊಂಡ ನಾಲ್ಕಾರು ಜೋಡಿಗೆ ಒಂದು ಕೆಟ್ಟ ವರ್ಷ ಬಂದ್ರೆ, ಅಲ್ಲಿಗೆ ಹೊಸಬರು ಬರೋದಿಲ್ಲ. ನೀಲಗಿರಿ ಶೋಲಕಿಳಿ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ.

ಇಲ್ಲಿ ನನ್ನದೊಂದು ತಪ್ಪು ಹೇಳಬೇಕು. ವರ್ಷಗಳ ಹಿಂದೆ ಸ್ನೇಹಿತರ ಜೊತೆ ಬೆಟ್ಟಕ್ಕೆ ಹೋಗಿ, ಖಾಲಿ ಹುಲ್ಲುಗಾವಲು ಕಂಡು, ಖುಷಿಯಿಂದ ಸಸಿ ನೆಟ್ಟು ಬಂದೆವು. ಫೋಟೋನೂ ತೆಗೆದೆವು. ಆ ಜಾಗ ಖಾಲಿ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು. ಶೋಲಾ ಮತ್ತು ಹುಲ್ಲುಗಾವಲು ಒಂದೇ ಮನೆಯ ಎರಡು ಕೋಣೆ. ಪಳನಿ ಬೆಟ್ಟದಲ್ಲಿ ನಾಲ್ಕು ದಶಕಗಳಲ್ಲಿ ಮೂರನೇ ಎರಡರಷ್ಟು ಹುಲ್ಲುಗಾವಲು ಹೋಗಿದೆ. ಬಹುಪಾಲು ನುಂಗಿದ್ದು ನೆಟ್ಟ ಮರಗಳು ಮತ್ತು ಬೇಸಾಯ. ಮರ ಇದ್ದ ಕಡೆಯೆಲ್ಲ ಕಾಡು ಇರೋದಿಲ್ಲ.

ಹಾಗಂತ ಕೊಡಲಿ ಹಿಡಿದು ಎಲ್ಲಾ ವಾಟಲ್ ಕಡಿದರೂ ಆಗೋದಿಲ್ಲ. ಕೆಲವು ಹಳೇ ನೆಡುತೋಪುಗಳ ನೆರಳಲ್ಲಿ ಶೋಲಾ ಸಸಿಗಳು ತಾವಾಗಿ ಮೇಲೇಳ್ತಿವೆ. ಎಲ್ಲಿ ತೆಗೀಬೇಕು, ಎಲ್ಲಿ ಸುಮ್ಮನಿರಬೇಕು ಅನ್ನೋದು ಜಾಗ ನೋಡಿ ತೀರ್ಮಾನಿಸೋ ಕೆಲಸ. ಉಳಿದ ಚಿಕ್ಕ ಶೋಲಾಗಳನ್ನ, ಅದರಲ್ಲೂ ಟೀ ತೋಟದ ನಡುವೆ ಹಳ್ಳದ ಪಕ್ಕ ಉಳಿದವನ್ನ, ಬಿಡಬೇಕು. ಹಕ್ಕಿಗೆ ಅದೇ ಸೇತುವೆ.

ಮುಂದಿನ ರಜೆಗೆ ಊಟಿಗೋ ಕೊಡೈಕೆನಾಲ್‌ಗೋ ಹೋದ್ರೆ ಬೆಳಗಿನ ಜಾವ ಶೋಲಾದ ಅಂಚಲ್ಲಿ ಸ್ವಲ್ಪ ಹೊತ್ತು ನಿಲ್ಲಿ. ಹಕ್ಕಿಯನ್ನ ಹೊರಗೆ ಕರೆಯೋಕೆ ಮೊಬೈಲಲ್ಲಿ ಅದರ ಹಾಡು ಹಾಕಬೇಡಿ. ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂತ ಅದು ಗಾಬರಿಯಾಗುತ್ತೆ. ಸುಮ್ಮನೆ ಕಿವಿಗೊಡಿ. ಕಾಣದೇ ಇರಬಹುದು, ಕೇಳಿಸಬಹುದು.